ಮಗುವಿಗೆ ಜ್ವರದ ಔಷಧಿ: ಎಷ್ಟು, ಯಾವಾಗ, ಯಾವುದನ್ನು ಕೊಡಲೇಬಾರದು

ಮಳೆ ಹಿಡಿಯಿತು ಅಂದರೆ ತೀರ್ಥಹಳ್ಳಿಯ ನಮ್ಮ ಮೆಡಿಕಲ್ ಶಾಪ್‌ನಲ್ಲಿ ದಿನಾ ಕೇಳುವ ಪ್ರಶ್ನೆ ಒಂದೇ: "ಮಗೂಗೆ ಜ್ವರ, ಎಷ್ಟು ಎಂಎಲ್ ಹಾಕ್ಬೇಕು?" ಕೆಲವರು ಫೋನ್ ಮಾಡಿ ಕೇಳುತ್ತಾರೆ. ಕೆಲವರು ಹೋದ ವರ್ಷದ ಬಾಟ್ಲಿ ಹಿಡಿದು ಬರುತ್ತಾರೆ. ಮಗುವಿನ ವಯಸ್ಸು ಎಲ್ಲರೂ ಹೇಳುತ್ತಾರೆ, ತೂಕ ಹೇಳುವವರು ಕಡಿಮೆ. ಬಾಟ್ಲಿಯ ಮೇಲೆ ಬರೆದಿರುವ ಅಂಕಿ ನೋಡಿಕೊಂಡು ಬರುವವರು ಇನ್ನೂ ಕಡಿಮೆ. ಈ ಎರಡು ಗೊತ್ತಿಲ್ಲದೆ ಎಷ್ಟು ಎಂಎಲ್ ಅಂತ ಯಾರೂ ಸರಿಯಾಗಿ ಹೇಳಲು ಆಗುವುದಿಲ್ಲ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಡಾಕ್ಟರ್ ಹತ್ತಿರ ಹೋಗುವುದನ್ನು ತಪ್ಪಿಸಲು ಇದನ್ನು ಬರೆದಿಲ್ಲ. ಆಗುಂಬೆಯಿಂದ ತೀರ್ಥಹಳ್ಳಿಗೆ ಸುಮಾರು 30 ಕಿಲೋಮೀಟರ್, ಅಲ್ಲಿಂದ ಶಿವಮೊಗ್ಗಕ್ಕೆ ಇನ್ನೂ 60. ರಾತ್ರಿ ಹೊತ್ತು ದಾರಿಗೆ ಮರ ಬಿದ್ದಿರುತ್ತದೆ, ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಸಿಗುವುದಿಲ್ಲ. ಅಂಥ ರಾತ್ರಿ ಮನೆಯಲ್ಲೇ ಸರಿಯಾದ ಔಷಧಿಯನ್ನು ಸರಿಯಾದ ಅಳತೆಯಲ್ಲಿ ಕೊಡಲು ಗೊತ್ತಿರಬೇಕು, ಅಷ್ಟೇ.

ಶುರು ಮಾಡುವ ಮೊದಲೇ ಒಂದು ಮಾತು. 3 ತಿಂಗಳು ತುಂಬದ ಮಗುವಿಗೆ 100.4 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಜ್ವರ ಬಂದರೆ ಮುಂದಿನ ಯಾವ ಹಂತವೂ ನಿಮಗಲ್ಲ. ಔಷಧಿ ಹಾಕಿ ನೋಡೋಣ ಅಂತ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಅಷ್ಟು ಚಿಕ್ಕ ಮಗು ಜ್ವರವಿಲ್ಲದೆ ಮೈ ತಣ್ಣಗಾಗಿ ಮಂಕಾದರೂ, ಹಾಲು ಬಿಟ್ಟರೂ ಹಾಗೇ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಹಾಕುವ ಚುಚ್ಚುಮದ್ದಿನ ನಂತರ ಬರುವ ಜ್ವರದ ಮಾತು ಬೇರೆ. ಆಗ ನರ್ಸಮ್ಮ ಹೇಳಿಕೊಟ್ಟ ಅಳತೆಯಲ್ಲಿ ಔಷಧಿ ಕೊಡಬಹುದು. ಎರಡು ದಿನಕ್ಕೂ ಜ್ವರ ಬಿಡದಿದ್ದರೆ ಅಥವಾ ಮಗು ಮಂಕಾದರೆ ಅದನ್ನೂ ತೋರಿಸಲೇಬೇಕು.

ಮನೆಯಲ್ಲಿ ಇರಬೇಕಾದದ್ದು

ಡಿಜಿಟಲ್ ಥರ್ಮಾಮೀಟರ್. ಒಂದು ಬಾಟ್ಲಿ ಪ್ಯಾರಾಸಿಟಮಾಲ್ ಸಿರಪ್, ಬೇರೇನೂ ಬೆರೆಸದ್ದು. ಸೂಜಿ ಇಲ್ಲದ 5 ಎಂಎಲ್ ಸಿರಿಂಜ್, ಯಾವ ಮೆಡಿಕಲ್‌ನಲ್ಲಿ ಕೇಳಿದರೂ ಕೊಡುತ್ತಾರೆ. ನಾಲ್ಕೈದು ಓಆರ್‌ಎಸ್ ಪ್ಯಾಕೆಟ್, ಅಂದರೆ ವಾಂತಿ-ಭೇದಿಯಲ್ಲಿ ನೀರಿಗೆ ಕಲಸಿ ಕೊಡುವ ಉಪ್ಪು-ಸಕ್ಕರೆ ಪುಡಿ. ಒಂದು ಟಾರ್ಚ್, ಒಂದು ಪೆನ್ನು, ಒಂದು ಕಾಗದ.

ಹಂತ 1: ತೂಕ ನೋಡಿ ಬರೆದಿಡಿ

ಮಕ್ಕಳ ಜ್ವರದ ಔಷಧಿಗೆ ಲೆಕ್ಕ ತೂಕದ್ದು. ಎರಡು ವರ್ಷದ ಒಂದು ಮಗು 9 ಕೆಜಿ ಇರಬಹುದು, ಅದೇ ವಯಸ್ಸಿನ ಪಕ್ಕದ ಮನೆ ಮಗು 13 ಇರಬಹುದು. ಇಬ್ಬರಿಗೂ ಒಂದೇ ಅಳತೆ ಹೇಗಾಗುತ್ತೆ? ಚಿಕ್ಕ ಮಕ್ಕಳದ್ದಾದರೆ ಅಂಗನವಾಡಿಯಲ್ಲಿ ತೂಕ ಹಾಕುತ್ತಾರೆ, ತಾಯಿ ಕಾರ್ಡ್‌ನಲ್ಲೂ ಬರೆದಿರುತ್ತಾರೆ. ಮನೆಯಲ್ಲಿ ನಿಂತು ನೋಡುವ ತೂಕದ ಯಂತ್ರ ಇದ್ದರೆ ಮೊದಲು ನೀವೊಬ್ಬರೇ ನಿಲ್ಲಿ, ಆಮೇಲೆ ಮಗುವನ್ನು ಎತ್ತಿಕೊಂಡು ನಿಲ್ಲಿ, ಕಳೆಯಿರಿ. ಎರಡು-ಮೂರು ತಿಂಗಳಿಗೊಮ್ಮೆ ಹೊಸದಾಗಿ ನೋಡಿ ಬರೆಯಿರಿ. ಕಳೆದ ಮಳೆಗಾಲದ ತೂಕ ಈ ಮಳೆಗಾಲಕ್ಕೆ ಆಗುವುದಿಲ್ಲ.

ಹಂತ 2: ಅಳೆಯಿರಿ, ಆಮೇಲೆ ಮಗುವನ್ನು ನೋಡಿ

ಹಣೆ ಮುಟ್ಟಿ ನೋಡುವುದು ಸಾಲದು. ಥರ್ಮಾಮೀಟರನ್ನು ಕಂಕುಳಲ್ಲಿಟ್ಟು, ತೋಳು ಒತ್ತಿ ಹಿಡಿದು, ಬೀಪ್ ಅನ್ನುವ ತನಕ ಕಾಯಿರಿ. ಬೆವರಿದ್ದರೆ ಮೊದಲು ಒರೆಸಿ. ಒಲೆ ಮುಂದೆ ಕೂತಿದ್ದ ಮಗುವನ್ನು, ಕಂಬಳಿ ಹೊದ್ದಿದ್ದ ಮಗುವನ್ನು ಹತ್ತು ನಿಮಿಷ ಬಿಟ್ಟು ಅಳೆಯಿರಿ. 100.4 ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಜ್ವರ.

ಜ್ವರ ಇದೆ ಅಂದ ಕೂಡಲೇ ಔಷಧಿ ಬೇಕೇ ಬೇಕು ಅಂತಿಲ್ಲ. ಇದನ್ನು ಒಪ್ಪುವುದು ಅಪ್ಪ-ಅಮ್ಮಂದಿರಿಗೆ ಕಷ್ಟ, ಅಜ್ಜಿಯರಿಗಂತೂ ಇನ್ನೂ ಕಷ್ಟ. ಆದರೆ ಜ್ವರ ಅನ್ನುವುದು ದೇಹ ಸೋಂಕಿನ ಜೊತೆ ಹೋರಾಡುವ ರೀತಿ. ಪ್ಯಾರಾಸಿಟಮಾಲ್ ಆ ಸೋಂಕನ್ನು ವಾಸಿ ಮಾಡುವುದಿಲ್ಲ. ಮಗುವಿನ ಮೈ-ಕೈ ನೋವು, ಸಂಕಟ, ಕಿರಿಕಿರಿ ಕಡಿಮೆ ಮಾಡುತ್ತದೆ. 101 ಇದ್ದೂ ಮಗು ಆಡುತ್ತಿದೆ, ನೀರು ಕುಡಿಯುತ್ತಿದೆ ಅಂದರೆ ಔಷಧಿ ಇಲ್ಲದೆ ನೋಡಿಕೊಳ್ಳಬಹುದು. 100.5 ಇದ್ದರೂ ಮಗು ನರಳುತ್ತಿದೆ, ಕುಡಿಯಲು ಒಲ್ಲೆ ಅನ್ನುತ್ತಿದೆ ಅಂದರೆ ಕೊಡಿ. ನಿದ್ದೆ ಮಾಡುತ್ತಿರುವ ಮಗುವನ್ನು ಸುಮ್ನೆ ಔಷಧಿಗೋಸ್ಕರ ಎಬ್ಬಿಸಬೇಡಿ.

ಕಿವಿ ನೋವು, ಹಲ್ಲು ನೋವು, ಬಿದ್ದು ಪೆಟ್ಟಾದ ನೋವು, ಇವಕ್ಕೂ ಇದೇ ಔಷಧಿ, ಇದೇ ಅಳತೆ. ಹೊಟ್ಟೆ ನೋವು ಜೋರಾಗಿದ್ದರೆ ಮಾತ್ರ ನೋವಿನ ಔಷಧಿ ಕೊಟ್ಟು ಕೂರಬೇಡಿ, ತೋರಿಸಿ.

ಹಂತ 3: ಬಾಟ್ಲಿ ಓದಿ

ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬಾಟ್ಲಿಯ ಮುಂದೆ ದೊಡ್ಡ ಅಕ್ಷರದಲ್ಲಿರುವ ಕಂಪನಿ ಹೆಸರನ್ನು ಬಿಡಿ. ಪಕ್ಕಕ್ಕೆ ತಿರುಗಿಸಿದರೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ 'ಈಚ್ 5 ಎಂಎಲ್ ಕಂಟೇನ್ಸ್' ಅಂತ ಇರುತ್ತದೆ. ಅಂದರೆ ಪ್ರತಿ 5 ಎಂಎಲ್‌ನಲ್ಲಿ ಏನೇನಿದೆ ಅಂತ. ಅದರ ಕೆಳಗೆ ಪ್ಯಾರಾಸಿಟಮಾಲ್, ಎದುರಿಗೆ ಒಂದು ಅಂಕಿ, ಆಮೇಲೆ ಎಂಜಿ. ಎಂಎಲ್ ಅಂದರೆ ಎಷ್ಟು ದ್ರವ, ಎಂಜಿ ಅಂದರೆ ಅದರೊಳಗೆ ಎಷ್ಟು ಔಷಧಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಮೂರು ಬಗೆ:

– 5 ಎಂಎಲ್‌ಗೆ 120 ಅಥವಾ 125 ಎಂಜಿ ಇರುವ ಸಿರಪ್
– 5 ಎಂಎಲ್‌ಗೆ 240 ಅಥವಾ 250 ಎಂಜಿ ಇರುವ ಸಿರಪ್, ಎರಡರಷ್ಟು ಗಟ್ಟಿ
– ಡ್ರಾಪ್ಸ್, ಹೆಚ್ಚಿನವುಗಳಲ್ಲಿ 1 ಎಂಎಲ್‌ಗೇ 100 ಎಂಜಿ

ಡ್ರಾಪ್ಸ್ ಚಿಕ್ಕ ಬಾಟ್ಲಿ, ಚಿಕ್ಕ ಮಕ್ಕಳಿಗೆ, ಹಾಗಾಗಿ ಅದು ತೆಳು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇರುವುದು ತದ್ವಿರುದ್ಧ. ಸಿರಪ್ಪು ಹಾಲು ಬೆರೆಸಿದ ಕಾಫಿ ಆದರೆ ಡ್ರಾಪ್ಸು ಬರೀ ಡಿಕಾಕ್ಷನ್. 120ರ ಸಿರಪ್ಪಿಗೆ ಹೋಲಿಸಿದರೆ ನಾಲ್ಕು ಪಟ್ಟು ಗಟ್ಟಿ. 10 ಕೆಜಿ ಮಗುವಿಗೆ 120ರ ಸಿರಪ್ 5 ಎಂಎಲ್ ಸರಿಯಾದ ಅಳತೆ. ಸಿರಪ್ ಖಾಲಿ ಅಂತ ಡ್ರಾಪ್ಸನ್ನೇ 5 ಎಂಎಲ್ ಕುಡಿಸಿದರೆ ಒಂದೇ ಸಲಕ್ಕೆ 500 ಎಂಜಿ ಹೋಯಿತು. ಅದು ದೊಡ್ಡವರ ಒಂದು ಮಾತ್ರೆ!

ಅದೇ ಜಾಗದಲ್ಲಿ ಇನ್ನೊಂದನ್ನೂ ನೋಡಿ. ಪ್ಯಾರಾಸಿಟಮಾಲ್ ಒಂದೇ ಇದೆಯೋ, ಜೊತೆಗೆ ಬೇರೆ ಹೆಸರುಗಳೂ ಇವೆಯೋ? ನೆಗಡಿ-ಜ್ವರದ ಸಿರಪ್ ಅಂತ ಬರುವ ಹಲವುಗಳಲ್ಲಿ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ನೆಗಡಿಗೆ ಒಂದು, ಜ್ವರಕ್ಕೆ ಇನ್ನೊಂದು ಅಂತ ಎರಡನ್ನೂ ಕೊಟ್ಟರೆ ಡಬಲ್ ಆಗುತ್ತದೆ. ಅಮ್ಮ ಒಂದು ಬಾಟ್ಲಿಯಿಂದ, ಅತ್ತೆ ಇನ್ನೊಂದು ಬಾಟ್ಲಿಯಿಂದ ಕೊಟ್ಟು, ಎರಡರಲ್ಲೂ ಒಂದೇ ಔಷಧಿ ಇರುವುದು ಯಾರಿಗೂ ಗೊತ್ತಾಗದೇ ಹೋಗುತ್ತದೆ. ಹೊಸ ಬಾಟ್ಲಿ ತಂದಾಗೆಲ್ಲ ಈ ಅಂಕಿ ಮತ್ತೆ ಓದಿ. ಅಂಗಡಿಯಲ್ಲಿ ಹೋದ ಸಲದ್ದು ಇಲ್ಲದಿದ್ದರೆ ಬೇರೆ ಕಂಪನಿಯದು ಕೊಡುತ್ತಾರೆ, 120 ಇದ್ದದ್ದು 250 ಆಗಿರಬಹುದು.

ಹಂತ 4: ಲೆಕ್ಕ ಹಾಕಿ

ಒಂದು ಸಲಕ್ಕೆ ಪ್ರತಿ ಕೆಜಿ ತೂಕಕ್ಕೆ 10ರಿಂದ 15 ಎಂಜಿ ಪ್ಯಾರಾಸಿಟಮಾಲ್. ಇದು ಡಾಕ್ಟರುಗಳು ಬಳಸುವ ಲೆಕ್ಕ. ಮನೆಯಲ್ಲಿ ಸುಲಭ ಆಗಲಿ ಅಂತ ಹೀಗೆ ಮಾಡಿ:

120 ಅಥವಾ 125ರ ಸಿರಪ್ ಆದರೆ, ಕೆಜಿಯಲ್ಲಿ ಮಗುವಿನ ತೂಕ ಎಷ್ಟೋ ಅದರ ಅರ್ಧದಷ್ಟು ಎಂಎಲ್. 8 ಕೆಜಿಗೆ 4 ಎಂಎಲ್, 12 ಕೆಜಿಗೆ 6 ಎಂಎಲ್.

240 ಅಥವಾ 250ರ ಸಿರಪ್ ಆದರೆ ತೂಕದ ಕಾಲು ಭಾಗ. 12 ಕೆಜಿಗೆ 3 ಎಂಎಲ್, 20 ಕೆಜಿಗೆ 5 ಎಂಎಲ್.

1 ಎಂಎಲ್‌ಗೆ 100 ಎಂಜಿ ಇರುವ ಡ್ರಾಪ್ಸ್ ಆದರೆ ತೂಕದ ಹತ್ತನೇ ಒಂದು ಭಾಗ. 6 ಕೆಜಿಗೆ 0.6 ಎಂಎಲ್. ಇಲ್ಲಿ ಚುಕ್ಕಿ ತಪ್ಪಿದರೆ ಹತ್ತು ಪಟ್ಟು ತಪ್ಪುತ್ತದೆ, ಎರಡು ಸಲ ನೋಡಿ.

ತೂಕ 40 ಕೆಜಿ ದಾಟಿದ್ದರೆ, ಮಗುವಿಗೆ ಲಿವರ್ ತೊಂದರೆ ಇದ್ದರೆ, ತುಂಬಾ ಬಡಕಲಾಗಿದ್ದರೆ ಅಥವಾ ದಿನಾ ತಗೊಳ್ಳುವ ಬೇರೆ ಔಷಧಿ ಇದ್ದರೆ ಈ ಲೆಕ್ಕ ಬಿಟ್ಟು ಡಾಕ್ಟರನ್ನು ಕೇಳಿ. ಡಾಕ್ಟರ್ ಚೀಟಿಯಲ್ಲಿ ಬರೆದ ಅಳತೆ ಇದ್ದರೆ ಅದೇ ಸರಿ. ಆದರೆ ಆ ಚೀಟಿ ಆ ಮಗುವಿಗೆ ಮಾತ್ರ. ಅಣ್ಣನ ಚೀಟಿ ನೋಡಿ ತಂಗಿಗೆ ಹಾಕಬೇಡಿ.

ದೊಡ್ಡವರ 650ರ ಮಾತ್ರೆಯನ್ನು ಮುರಿದು, ಪುಡಿ ಮಾಡಿ, ಅಂದಾಜಿಗೆ ಜೇನಲ್ಲಿ ಕಲಸಿ ಕೊಡುವುದು ಹಳ್ಳಿಗಳಲ್ಲಿ ಈಗಲೂ ಇದೆ. ದಯವಿಟ್ಟು ಬಿಡಿ. ಕಾಲು ಭಾಗ ಅಂತ ಮುರಿದದ್ದು ಎಂದೂ ಸರಿಯಾಗಿ ಕಾಲು ಭಾಗ ಇರುವುದಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನಂತೂ ಬೇಡವೇ ಬೇಡ.

ಈ ಲೆಕ್ಕವನ್ನು ಮಳೆಗಾಲಕ್ಕೆ ಮೊದಲೇ ಹಾಕಿ, ಮಗುವಿನ ಹೆಸರು, ತೂಕ, ಬಾಟ್ಲಿಯ ಅಂಕಿ, ಎಷ್ಟು ಎಂಎಲ್ ಅಂತ ದಪ್ಪ ಅಕ್ಷರದಲ್ಲಿ ಬರೆದು ಔಷಧಿ ಇಡುವ ಕಪಾಟಿನ ಒಳಬಾಗಿಲಿಗೆ ಅಂಟಿಸಿ. ಮಧ್ಯರಾತ್ರಿ ಟಾರ್ಚ್ ಬೆಳಕಲ್ಲಿ, ಅಳುವ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಲೆಕ್ಕ ಮಾಡುವುದು ಯಾರಿಗೂ ಸಾಧ್ಯವಿಲ್ಲ.

ಹಂತ 5: ಅಳೆದು ಕುಡಿಸಿ

ಬಾಟ್ಲಿಯನ್ನು ಚೆನ್ನಾಗಿ ಅಲ್ಲಾಡಿಸಿ. ಹಲವು ಸಿರಪ್‌ಗಳಲ್ಲಿ ಔಷಧಿ ಕೆಳಗೆ ಕೂತಿರುತ್ತದೆ. ಅಲ್ಲಾಡಿಸದೆ ಕೊಟ್ಟರೆ ಮೊದಮೊದಲು ತೆಳು, ಬಾಟ್ಲಿ ಮುಗಿಯುವಾಗ ಗಟ್ಟಿ.

ಅಡುಗೆಮನೆ ಚಮಚ ಬೇಡ. ಒಂದೊಂದು ಮನೆಯ ಚಮಚ ಒಂದೊಂದು ಅಳತೆ. ಬಾಟ್ಲಿ ಜೊತೆ ಬರುವ ಮುಚ್ಚಳ ಆಗಬಹುದು, ಆದರೆ ನಾಲ್ಕು ಸಲ ತೊಳೆದ ಮೇಲೆ ಅದರ ಗೆರೆ ಕಾಣುವುದಿಲ್ಲ, ತಳದಲ್ಲಿ ಸಕ್ಕರೆ ಅಂಟಿರುತ್ತದೆ. ನನ್ನ ಕೇಳಿದರೆ ಸಿರಿಂಜೇ ವಾಸಿ. ಕಪ್ಪು ರಬ್ಬರಿನ ಮೇಲಂಚು ಗೆರೆಗೆ ಬರುವ ತನಕ ಎಳೆಯಿರಿ. ಗಾಳಿಗುಳ್ಳೆ ಇದ್ದರೆ ತುದಿ ಮೇಲೆ ಮಾಡಿ ಮೆಲ್ಲಗೆ ತಟ್ಟಿ ಹೊರಗೆ ಬಿಡಿ, ಕಡಿಮೆಯಾದದ್ದನ್ನು ಮತ್ತೆ ಎಳೆಯಿರಿ. ಮಗುವನ್ನು ಕೂರಿಸಿ ಅಥವಾ ತಲೆ ಎತ್ತರಕ್ಕೆ ಹಿಡಿದು, ಸಿರಿಂಜಿನ ತುದಿಯನ್ನು ಕೆನ್ನೆಯ ಒಳಬದಿಗೆ ಇಟ್ಟು ಸ್ವಲ್ಪ ಸ್ವಲ್ಪವೇ ಬಿಡಿ. ನೇರ ಗಂಟಲಿಗೆ ಬಿಟ್ಟರೆ ನೆತ್ತಿಗೇರುತ್ತದೆ. ಮಲಗಿಸಿ, ಮೂಗು ಹಿಡಿದು ಕುಡಿಸುವುದು ಅಪಾಯ. ಹಾಲಿನ ಬಾಟ್ಲಿಗೆ ಬೆರೆಸಬೇಡಿ. ಅರ್ಧ ಕುಡಿದು ಬಿಟ್ಟರೆ ಎಷ್ಟು ಔಷಧಿ ಹೋಯಿತು ಅಂತ ಗೊತ್ತಾಗುವುದಿಲ್ಲ.

ಕುಡಿಸಿದ ಅರ್ಧ ಗಂಟೆಯೊಳಗೆ ಪೂರ್ತಿ ಕಕ್ಕಿದರೆ ಅದೇ ಅಳತೆಯನ್ನು ಇನ್ನೊಂದು ಸಲ ಕೊಡಬಹುದು. ಅರ್ಧ ಗಂಟೆ ದಾಟಿದ್ದರೆ ಕೊಡಬೇಡಿ. ಎರಡನೇ ಸಲವೂ ಕಕ್ಕಿದರೆ ಮೂರನೇ ಪ್ರಯತ್ನ ಬೇಡ, ತೋರಿಸಿ.

ಹಂತ 6: ಗಂಟೆ ಬರೆಯಿರಿ

ಕೊಟ್ಟ ಕೂಡಲೇ ಕಾಗದದ ಮೇಲೆ ಗಂಟೆ, ಎಷ್ಟು ಎಂಎಲ್, ಕೊಟ್ಟವರು ಯಾರು ಅಂತ ಬರೆಯಿರಿ. ಕೂಡು ಕುಟುಂಬದ ಮನೆಯಲ್ಲಿ ಇದು ಇನ್ನೂ ಮುಖ್ಯ. ಮುಂದಿನ ಸಲಕ್ಕೆ 6 ಗಂಟೆ ಕಾಯಿರಿ. ಏನೇ ಆದರೂ 4 ಗಂಟೆಗೆ ಮೊದಲು ಕೊಡಬೇಡಿ. 24 ಗಂಟೆಯಲ್ಲಿ 4 ಸಲಕ್ಕಿಂತ ಜಾಸ್ತಿ ಆಗಬಾರದು.

ಔಷಧಿ ಕೆಲಸ ಶುರು ಮಾಡಲು ಅರ್ಧದಿಂದ ಒಂದು ಗಂಟೆ ಬೇಕು. ಜ್ವರ 103 ಇದ್ದದ್ದು 101ಕ್ಕೆ ಇಳಿದು ಮಗು ನಾಲ್ಕು ಗುಟುಕು ಗಂಜಿ ಕುಡಿಯಿತು ಅಂದರೆ ಔಷಧಿ ಕೆಲಸ ಮಾಡಿದೆ. 98.6ಕ್ಕೆ ಬರಲಿಲ್ಲ ಅಂತ ಮತ್ತೆ ಸುರಿಯಬೇಡಿ. ಇಷ್ಟು ಕೊಟ್ಟರೂ ಇಳಿಯುತ್ತಿಲ್ಲ ಅಂತ ಪ್ರತಿ ಸಲ ಒಂದೊಂದು ಎಂಎಲ್ ಏರಿಸುತ್ತಾ ಹೋಗುವುದರಿಂದಲೇ ಲಿವರ್‌ಗೆ ಏಟು ಬೀಳುವುದು.

ಹಂತ 7: ಇವನ್ನು ಮನೆಯಲ್ಲಿ ನೀವಾಗಿ ಕೊಡಬೇಡಿ

ನಮ್ಮ ಮಲೆನಾಡಿನವರು ಈ ಹಂತವನ್ನು ಬೇರೆ ಯಾರಿಗಿಂತಲೂ ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು.

ಐಬುಪ್ರೊಫೆನ್ ಮತ್ತು ಮೆಫೆನಾಮಿಕ್ ಆಸಿಡ್ ಅನ್ನುವ ಎರಡು ಔಷಧಿಗಳ ಸಿರಪ್ ಮಕ್ಕಳಿಗೆ ಬರುತ್ತದೆ. ಜ್ವರ ಬೇಗ ಇಳಿಸುತ್ತವೆ ಅಂತ ಜನ ಕೇಳಿ ತಗೊಳ್ಳುತ್ತಾರೆ. ಐಬುಪ್ರೊಫೆನ್ ಪ್ಯಾರಾಸಿಟಮಾಲ್ ಜೊತೆ ಬೆರೆತೂ ಬರುತ್ತದೆ. ಇವು ಕೆಟ್ಟ ಔಷಧಿಗಳಲ್ಲ, ಡಾಕ್ಟರ್ ನೋಡಿ ಬರೆದರೆ ಕೊಡಬೇಕು. ಆದರೆ ಇವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ, ಹೊಟ್ಟೆಯ ಒಳಪದರಕ್ಕೂ ಕಿಡ್ನಿಗೂ ತೊಂದರೆ ಮಾಡಬಹುದು. ಈಗ ಯೋಚಿಸಿ, ನಮ್ಮಲ್ಲಿ ಬರುವ ಜ್ವರಗಳು ಯಾವುವು? ಮಳೆಗಾಲದಲ್ಲಿ ಡೆಂಗಿ. ಗದ್ದೆ ನೀರಿನಲ್ಲಿ ಓಡಾಡಿದವರಿಗೆ ಇಲಿ ಜ್ವರ. ಚಳಿ ಶುರುವಾದಾಗಿನಿಂದ ಮಳೆ ಬೀಳುವ ತನಕ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಅದು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಎಷ್ಟು ಕಾಡಿತು ಅಂತ ನಮಗೆಲ್ಲ ಗೊತ್ತು. ಡೆಂಗಿಯಲ್ಲೂ ಮಂಗನ ಕಾಯಿಲೆಯಲ್ಲೂ ರಕ್ತಸ್ರಾವ ಆಗುವ ಭಯ ಇರುತ್ತದೆ, ಇಲಿ ಜ್ವರ ಕಿಡ್ನಿಗೆ ಹೋಗಬಹುದು. ಮೊದಲ ದಿನ ಎಲ್ಲ ಜ್ವರವೂ ಒಂದೇ ಥರ ಕಾಣುತ್ತದೆ. ಯಾವ ಜ್ವರ ಅಂತ ಗೊತ್ತಿಲ್ಲದಾಗ ಈ ಸಿರಪ್ ಹಾಕಬಾರದು. ಪ್ಯಾರಾಸಿಟಮಾಲ್ ಮಾತ್ರ.

ಆರು ತಿಂಗಳೊಳಗಿನ ಮಗುವಿಗೆ, ವಾಂತಿ-ಭೇದಿಯಾಗಿ ನೀರು ಕಡಿಮೆಯಾದ ಮಗುವಿಗೆ, ಮೈಮೇಲೆ ಅಮ್ಮ ಎದ್ದಿರುವ ಮಗುವಿಗೆ, ಅಂದರೆ ಚಿಕನ್‌ಪಾಕ್ಸ್ ಇದ್ದಾಗ, ಐಬುಪ್ರೊಫೆನ್ ಕೊಡಬೇಡಿ. ಮೆಫೆನಾಮಿಕ್ ಆಸಿಡ್ ಬಗ್ಗೆ 2023ರ ಕೊನೆಗೆ ಭಾರತೀಯ ಫಾರ್ಮಕೋಪಿಯಾ ಆಯೋಗವೂ, ಅಂದರೆ ಔಷಧಿಗಳ ಗುಣಮಟ್ಟ, ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆಯೂ, ಎಚ್ಚರಿಕೆ ಕೊಟ್ಟಿದೆ. ಅಪರೂಪಕ್ಕೆ ಕೆಲವರಿಗೆ ಜ್ವರ, ಮೈತುಂಬ ದದ್ದು ಬಂದು ಒಳಗಿನ ಅಂಗಗಳಿಗೂ ತೊಂದರೆಯಾಗುತ್ತದೆ. ಪ್ಯಾರಾಸಿಟಮಾಲ್ ಒಂದು ಸಲ, ಐಬುಪ್ರೊಫೆನ್ ಒಂದು ಸಲ ಅಂತ ನೀವಾಗಿಯೇ ಬದಲಿಸಿ ಕೊಡುವುದೂ ಬೇಡ, ಲೆಕ್ಕ ತಪ್ಪುತ್ತದೆ.

ಆಸ್ಪಿರಿನ್ ಮಕ್ಕಳಿಗೆ ಕೊಡಲೇಬೇಡಿ. ವೈರಲ್ ಜ್ವರದಲ್ಲಿ ಕೊಟ್ಟರೆ ಲಿವರ್ ಮತ್ತು ಮೆದುಳಿಗೆ ಏಟು ಬೀಳುವ ರೈ ಸಿಂಡ್ರೋಮ್ ಬರಬಹುದು. ನಿಮೆಸುಲೈಡ್ ಅನ್ನುವ ನೋವು-ಜ್ವರದ ಔಷಧಿಯನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಸರ್ಕಾರ 2011ರಲ್ಲೇ ನಿಷೇಧಿಸಿದೆ. ಮನೆಯಲ್ಲಿ ದೊಡ್ಡವರದ್ದು ಇದ್ದರೆ ಮಕ್ಕಳ ಔಷಧಿ ಜೊತೆ ಇಡಬೇಡಿ.

ಕೆಮ್ಮು-ನೆಗಡಿ ಸಿರಪ್ ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡ, ಐದು ವರ್ಷದ ತನಕವೂ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಮಧ್ಯಪ್ರದೇಶದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ತೀರಿಕೊಂಡ ಮೇಲೆ, 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇದನ್ನು ಮತ್ತೆ ಒತ್ತಿ ಹೇಳಿತು. ಹೋದ ಸಲ ಕುಡಿಸಿ ಉಳಿದ ಆಂಟಿಬಯೋಟಿಕ್ ಕೂಡ ಜ್ವರ ಇಳಿಸುವ ಔಷಧಿಯಲ್ಲ. ಇನ್ನು "ಒಂದು ಇಂಜೆಕ್ಷನ್ ಹಾಕಿ ಬಿಡಿ ಸಾರ್" ಅಂತ ಡಾಕ್ಟರನ್ನು ಒತ್ತಾಯ ಮಾಡಬೇಡಿ. ಜ್ವರ ಇಳಿಸಲು ಹಾಕುವ ಕೆಲವು ನೋವಿನ ಇಂಜೆಕ್ಷನ್‌ಗಳೂ ಇದೇ ಐಬುಪ್ರೊಫೆನ್ ಗುಂಪಿನವು, ಡೆಂಗಿಯಲ್ಲಿ ಅಪಾಯ.

ಹಂತ 8: ಔಷಧಿ ಕೊಟ್ಟ ಮೇಲೆ

ಕಂಬಳಿ ತೆಗೆಯಿರಿ. ಹೊರಗೆ ಎಷ್ಟೇ ಮಳೆ, ಚಳಿ ಇರಲಿ, ಜ್ವರದ ಮಗುವಿಗೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿದರೆ ಕಾವು ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ನಡುಗುತ್ತಿದ್ದರೆ ಒಂದು ತೆಳು ಹೊದಿಕೆ ಸಾಕು. ಐಸ್ ನೀರಿನ ಬಟ್ಟೆ ಬೇಡ. ಒರೆಸಲೇಬೇಕು ಅನ್ನಿಸಿದರೆ ಉಗುರು ಬೆಚ್ಚಗಿನ ನೀರಲ್ಲಿ ಒರೆಸಿ, ಮಗು ನಡುಗಿದರೆ ನಿಲ್ಲಿಸಿ.

ಎದೆಹಾಲು, ಗಂಜಿ ತಿಳಿ, ಎಳನೀರು, ತಿಳಿಸಾರು, ಏನು ಕುಡಿಯುತ್ತದೋ ಅದನ್ನು ಪದೇ ಪದೇ ಕೊಡಿ. ಊಟ ಬಿಟ್ಟರೆ ಪರವಾಗಿಲ್ಲ, ನೀರು ಬಿಡಬಾರದು. ದೊಡ್ಡ ಮಕ್ಕಳಿಗೆ ದೊಡ್ಡಪತ್ರೆ, ತುಳಸಿ ಹಾಕಿದ ತಿಳಿಯಾದ ಕಷಾಯ ಒಂದೆರಡು ಗುಟುಕು ಕೊಟ್ಟರೆ ನನ್ನ ಅಡ್ಡಿಯೇನಿಲ್ಲ. ಹಸುಗೂಸಿಗೆ ಕಷಾಯ, ತೇಯ್ದ ಬಜೆ, ಗೋರೋಜನ ಯಾವುದೂ ಬೇಡ. ಕರ್ಪೂರ ಇರುವ ಬಾಮನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬೇಡಿ. ಕರ್ಪೂರ ಸ್ವಲ್ಪವೇ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದು.

ಹಂತ 9: ಕಾಯದೆ ಹೊರಡಬೇಕಾದಾಗ

ಮಗು ಎಬ್ಬಿಸಿದರೂ ಸರಿಯಾಗಿ ಏಳುತ್ತಿಲ್ಲ. ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುತ್ತಿದೆ. 6-8 ಗಂಟೆಯಿಂದ ಉಚ್ಚೆ ಹೊಯ್ದಿಲ್ಲ. ಕುತ್ತಿಗೆ ಬಗ್ಗಿಸಲು ಆಗುತ್ತಿಲ್ಲ. ಮೂಗು, ವಸಡಿನಲ್ಲಿ ರಕ್ತ, ಕಪ್ಪು ಮಲ, ಒತ್ತಿದರೂ ಮಾಸದ ಕೆಂಪು ಚುಕ್ಕೆ. ನಿಲ್ಲದ ವಾಂತಿ, ಜೋರು ಹೊಟ್ಟೆ ನೋವು. ಇವುಗಳಲ್ಲಿ ಒಂದು ಕಂಡರೂ ಹೊರಡಿ. ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹೆಚ್ಚು ಅಪಾಯದ್ದು. ಜ್ವರ ಬಿಟ್ಟಿತು ಅಂತ ಸಮಾಧಾನ ಪಡುವ ಹೊತ್ತಿಗೇ ಮಗು ಮಂಕಾದರೆ ಸುಮ್ಮನಿರಬೇಡಿ.

ಬೇರೇನೂ ಲಕ್ಷಣ ಇಲ್ಲದಿದ್ದರೂ ಜ್ವರ ಎರಡು ದಿನ ದಾಟಿದರೆ ತೋರಿಸಿ. ಮನೆಯವರು ತರಗೆಲೆ, ಸೌದೆಗೆ ಕಾಡಿಗೆ ಹೋಗಿದ್ದರೆ, ಮೈಮೇಲೆ ಉಣುಗು, ಅಂದರೆ ಉಣ್ಣೆ ಹುಳ ಕಂಡಿದ್ದರೆ, ಹತ್ತಿರದಲ್ಲಿ ಮಂಗ ಸತ್ತಿದ್ದರೆ ಅದು ಮಂಗನ ಕಾಯಿಲೆ ಇರಬಹುದು, ಎರಡು ದಿನವೂ ಕಾಯಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಇದನ್ನೆಲ್ಲ ನೀವೇ ಬಾಯಿಬಿಟ್ಟು ಹೇಳಿ, ರಕ್ತ ಪರೀಕ್ಷೆಗೆ ಕಳಿಸುತ್ತಾರೆ.

ಫಿಟ್ಸ್ ಬಂದರೆ: ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಜ್ವರದಲ್ಲಿ ಬರುವುದುಂಟು. ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಿ, ಗಂಟೆ ನೋಡಿ. ಬಾಯಿಗೆ ಚಮಚ, ಬೆರಳು, ನೀರು, ಔಷಧಿ ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಏನೂ ಆಗುವುದಿಲ್ಲ, ಹೊತ್ತು ಹೋಗುತ್ತದೆ ಅಷ್ಟೇ. ಐದು ನಿಮಿಷ ದಾಟಿದರೆ 108. ಬೇಗ ನಿಂತರೂ ಮೊದಲ ಸಲ ಬಂದದ್ದಾದರೆ ಅವತ್ತೇ ತೋರಿಸಿ. ಪ್ಯಾರಾಸಿಟಮಾಲ್ ಜಾಸ್ತಿ ಕೊಟ್ಟರೆ ಫಿಟ್ಸ್ ತಪ್ಪುತ್ತದೆ ಅನ್ನುವುದು ನಿಜವಲ್ಲ.

ಔಷಧಿ ಜಾಸ್ತಿ ಹೋಗಿದ್ದರೆ: ಅಳತೆ ತಪ್ಪಿರಲಿ, ಮಗುವೇ ಬಾಟ್ಲಿ ಎತ್ತಿ ಕುಡಿದಿರಲಿ, ಮಗು ಚೆನ್ನಾಗಿದೆಯಲ್ಲ ಅಂತ ಕೂರಬೇಡಿ. ಪ್ಯಾರಾಸಿಟಮಾಲ್ ಜಾಸ್ತಿಯಾದ ಮಗು ಮೊದಲ ದಿನ ಆಡಿಕೊಂಡೇ ಇರುತ್ತದೆ, ಲಿವರ್ ಕೆಟ್ಟದ್ದು ಆಮೇಲೆ ಗೊತ್ತಾಗುತ್ತದೆ. ಇದಕ್ಕೆ ಅಸೆಟೈಲ್‌ಸಿಸ್ಟೀನ್ ಅನ್ನುವ ಪ್ರತಿ ಔಷಧಿ ಇದೆ. 8 ಗಂಟೆಯೊಳಗೆ ಕೊಟ್ಟರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುತ್ತಾ ಹೊತ್ತು ಕಳೆಯಬೇಡಿ. ತಾಲ್ಲೂಕು ಆಸ್ಪತ್ರೆಗೆ ಹೊರಡುವಾಗಲೇ ಫೋನ್ ಮಾಡಿ ಕೇಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕು ಅಂದರೆ ಅಲ್ಲೇ ಆಂಬುಲೆನ್ಸ್ ಮಾಡಿಕೊಡುತ್ತಾರೆ. ತಪ್ಪು ಮಾಡಿದೆವು ಅನ್ನುವ ನಾಚಿಕೆಯಿಂದ ಡಾಕ್ಟರ್ ಹತ್ತಿರ ಅಳತೆ ಕಡಿಮೆ ಹೇಳಬೇಡಿ. ನೀವು ಹೇಳುವ ಅಂಕಿಯ ಮೇಲೆಯೇ ಅವರು ಚಿಕಿತ್ಸೆ ಲೆಕ್ಕ ಹಾಕುವುದು.

ಹೊರಡುವಾಗ ಔಷಧಿ ಬಾಟ್ಲಿ, ಖಾಲಿಯಾಗಿದ್ದರೂ ಸರಿ, ಗಂಟೆ ಬರೆದ ಕಾಗದ ಮತ್ತು ತಾಯಿ ಕಾರ್ಡ್ ಒಂದೇ ಚೀಲಕ್ಕೆ ಹಾಕಿಕೊಳ್ಳಿ. ಮಗು ಎಚ್ಚರವಾಗಿದ್ದು ನುಂಗುತ್ತಿದ್ದರೆ ದಾರಿಯುದ್ದಕ್ಕೂ ಎದೆಹಾಲು ಅಥವಾ ಓಆರ್‌ಎಸ್ ಸ್ವಲ್ಪ ಸ್ವಲ್ಪ ಕೊಡುತ್ತಿರಿ. ಮೇಲೆ ಹೇಳಿದ ಅಪಾಯದ ಲಕ್ಷಣ ಇದ್ದರೆ ಬೆಳಗಿನ ಬಸ್ಸಿಗೆ ಕಾಯಬೇಡಿ. ಅಕ್ಕಪಕ್ಕದ ಮನೆಯ ಜೀಪೋ ಆಟೋವೋ ಸಿಕ್ಕಿದ್ದು ಹಿಡಿದು ಡಾಂಬರು ರಸ್ತೆಗೆ ಬನ್ನಿ. 108 ಅಲ್ಲಿಗೆ ಬರುವ ಹಾಗೆ ಮೊದಲೇ ಹೇಳಿಡಿ.